ಬಾಲ್ಮೋರಲ್ ತೀರದ ಒಂದು ಬೆಳಗು

ಬಯಲುಸೀಮೆಯ ಬಾವಿಗಳಲ್ಲಿ ಈಜು ಕಲಿತ ನಮ್ಮಂಥವರಿಗೆ ಕಡಲೆಂದರೆ ದೂರದಿಂದಲೇ ಕೈಮುಗಿಯುವ ವಸ್ತು. ಆ ಅಳುಕನ್ನು ಕಳೆದದ್ದು ಆಸ್ಟ್ರೇಲಿಯಾದ ಸಿಡ್ನಿ ನಗರದ ಮಾಸ್ಮನ್ ಬಡಾವಣೆಯ ಬಾಲ್ಮೋರಲ್ ಕಡಲತೀರ. ಮಕ್ಕಳ ಮನೆಗೆಂದು ಸಿಡ್ನಿಗೆ ತೆರಳುವ ಹಿರಿಯರಿಗೆ ಅದರ ಪರಿಚಯ ಉಪಯುಕ್ತವಾದೀತೆಂದು ಈ ಬರಹ.

ಈ ತೀರವಿರುವುದು ಸಿಡ್ನಿ ಬಂದರಿನ ಒಳಮಗ್ಗುಲಲ್ಲಿ. ಎದುರಿಗೆ ಸಾಗರದ ಹೆಬ್ಬಾಗಿಲಿನಂತೆ ಎರಡು ಭೂಶಿರಗಳು ಕಾಣುತ್ತವೆ; ಹೊರಗಡಲ ಅಬ್ಬರ ಇಲ್ಲಿಗೆ ತಲಪುವಷ್ಟರಲ್ಲಿ ಬಹುಮಟ್ಟಿಗೆ ಶಾಂತವಾಗಿರುತ್ತದೆ. ರಾಕಿ ಪಾಯಿಂಟ್ ಎಂಬ ಬಂಡೆಗಡ್ಡೆಯು ಮರಳದಂಡೆಯನ್ನು ಇಬ್ಭಾಗಿಸಿದೆ. ದಕ್ಷಿಣದ್ದು ಬಾಲ್ಮೋರಲ್, ಉತ್ತರದ್ದು ಎಡ್ವರ್ಡ್ಸ್. ದಂಡೆಯುದ್ದಕ್ಕೂ ನಡೆದಾಡಲು ಸಮತಟ್ಟಾದ ಹಾದಿಯಿದೆ. ಮುಂಜಾನೆ ವಯೋವೃದ್ಧರೂ ನಿರಾಯಾಸವಾಗಿ ಅಡ್ಡಾಡುತ್ತಾರೆ.

ನೀರು ಶಾಂತವೆಂದು ಮೈಮರೆಯಬಾರದು. ಬಂದರಿನಲ್ಲಿ ಶಾರ್ಕ್ ಮೀನುಗಳುಂಟು. ಆದುದರಿಂದ ಬಲೆ ಕಟ್ಟಿದ ಆವರಣದೊಳಗೆ ಈಜುವುದು ಲೇಸು. ಜೋರು ಮಳೆ ಬಂದರೆ ಊರಿನ ಕೊಳೆ ಬಂದರಿಗೆ ಹರಿದುಬರುವುದರಿಂದ 3 ದಿನ ನೀರಿಗಿಳಿಯಬಾರದೆಂಬುದು ಅಲ್ಲಿಯ ತಿಳಿವಳಿಕೆ. ನಾವಂತೂ ಶಿವದಾರದ ಗಂಟನ್ನೂ ಕರಡಿಗೆಯ ಮುಚ್ಚಳವನ್ನೂ ಎರಡೆರಡು ಬಾರಿ ಪರೀಕ್ಷಿಸಿಯೇ ನೀರಿಗಿಳಿದೆವು.

ಈಜಿ ಬಂದು, ಮೈ ಒರೆಸಿಕೊಂಡು ಉತ್ತರದ ತುದಿಯವರೆಗೆ ನಡೆದೆವು. 1923-24ರಲ್ಲಿ ಅಲ್ಲಿ ಕಡಲಿಗೆ ಅಭಿಮುಖವಾಗಿ ಭವ್ಯವಾದ ಬಯಲು ರಂಗಮಂದಿರವೊಂದು ಎದ್ದಿತ್ತು. ಥಿಯಾಸಫಿ ಪಂಥದ ‘ಆರ್ಡರ್ ಆಫ್ ದಿ ಸ್ಟಾರ್ ಇನ್ ದಿ ಈಸ್ಟ್’ ಸಂಘದವರು ಜಗದ್ಗುರುವೊಬ್ಬನ ಆಗಮನವನ್ನು ನಿರೀಕ್ಷಿಸಿ ಅದನ್ನು ಕಟ್ಟಿಸಿದ್ದರು. ಅವರು ಆ ಸ್ಥಾನಕ್ಕೆ ಆರಿಸಿದ್ದವರು ಮದನಪಲ್ಲಿಯಲ್ಲಿ ಜನಿಸಿದ ಜಿಡ್ಡು ಕೃಷ್ಣಮೂರ್ತಿಯವರು. ಗುರುವು ನೀರಿನ ಮೇಲೆ ನಡೆದು ಬರುವನೆಂಬ ವದಂತಿಯೂ ಊರಲ್ಲಿ ಹಬ್ಬಿತಂತೆ! ಆದರೆ 1929ರಲ್ಲಿ ಸ್ವತಃ ಕೃಷ್ಣಮೂರ್ತಿಯವರೇ ಆ ಸಂಘವನ್ನು ವಿಸರ್ಜಿಸಿದರು. ಸತ್ಯವನ್ನು ಯಾವ ಸಂಘವೂ ತಂದುಕೊಡಲಾರದೆಂಬುದು ಅವರ ನಿಲುವು. ರಂಗಮಂದಿರವನ್ನು 1951ರಲ್ಲಿ ಕೆಡವಲಾಯಿತು. ಇಂದು ಅಲ್ಲಿರುವುದು ವಸತಿ ಕಟ್ಟಡ ಮಾತ್ರ.

ಅದನ್ನು ನೋಡುತ್ತ ನಿಂತಾಗ ನಮಗೆ ನಗು ಬರಲಿಲ್ಲ. ನಮ್ಮ ಊರಿನ ನೆನಪಾಯಿತು. ಕಲ್ಲಿನ ಮಂಟಪಕ್ಕೆ, ಸಮುದಾಯ ಭವನಕ್ಕೆ ನಾವು ದೇಣಿಗೆ ಕೂಡಿಸುವ ಉತ್ಸಾಹ ಅಪಾರ. ಆ ಮಂಟಪದಲ್ಲಿ ಕುಳಿತು ಅನುಭಾವ ನಡೆಸುವ ಉತ್ಸಾಹವೂ ಅಷ್ಟೇ ಇದೆಯೇ? ಮಕ್ಕಳಿಗೆ ಲಿಂಗದೀಕ್ಷೆ ಮಾಡಿಸುತ್ತೇವೆ. ಮರುದಿನದಿಂದ ಅವರೊಡನೆ ಪೂಜೆಗೆ ಕೂರುವವರು ಎಷ್ಟು ಮಂದಿ?

ಬರುವವನಿಗಾಗಿ ಕಡಲನ್ನು ದಿಟ್ಟಿಸಿ ಕಾಯುವ ಅಗತ್ಯವನ್ನು ಶರಣರು ನಮಗೆ ಉಳಿಸಲಿಲ್ಲ. ಗುರುವು ಕರುಣಿಸಿದ ಇಷ್ಟಲಿಂಗವು ಆ ಬೆಳಗು ನಮ್ಮ ಎದೆಯ ಮೇಲೆಯೇ ಇತ್ತು, ನಮ್ಮೊಡನೆ ನೀರಿಗಿಳಿದು ನಮ್ಮೊಡನೆಯೇ ದಡ ಸೇರಿತು. ಮನೆಗೆ ಮರಳಿದ ಮೇಲೆ ಮೊಮ್ಮಕ್ಕಳನ್ನು ಕರೆದು, ಅಂಗೈಯ ಲಿಂಗವನ್ನು ತೋರಿ, ಪಕ್ಕದಲ್ಲಿ ಕೂರಿಸಿಕೊಂಡು ಪೂಜೆಗೆ ತೊಡಗಿದೆವು. ವಿದೇಶಕ್ಕೆ ಹೋಗುವ ಬಂಧುಗಳು ಕಡಲನ್ನೂ ನೋಡಲಿ, ಈ ಕೆಲಸವನ್ನೂ ಮರೆಯದಿರಲಿ.