ಸಾಲ, ಸಾಲು ಮತ್ತು ಸಣ್ಣ ಕಾರು

ಕನ್ನಡದಲ್ಲಿ 'ಸಾಲ' ಎಂಬುದಕ್ಕೂ 'ಸಾಲು' ಎಂಬುದಕ್ಕೂ ನಡುವೆ ಇರುವ ಅಂತರ ಒಂದು ಕೊಂಬಿನದು. ಕೂರಿಗೆ ಹೊಲದಲ್ಲಿ ಎಳೆಯುವ ಗೆರೆಯೂ ಸಾಲು. ಪಾರಸಿಯಿಂದ ಬಂದು ನಮ್ಮ ಕಚೇರಿಯ ಕಾಗದಗಳಲ್ಲಿ ವರ್ಷವೆಂಬ ಅರ್ಥದಲ್ಲಿ ನೆಲೆಸಿರುವುದೂ ಸಾಲು. ನಿಘಂಟಿನಲ್ಲಿ ಇವು ಬೇರೆ ಬೇರೆ ಶಬ್ದಗಳು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಬಾಳಿನ ವ್ಯವಹಾರವು ಇವನ್ನು ಎಂದೋ ಒಂದುಗೂಡಿಸಿದೆ. ಸಾಲ ತಂದು ಬೀಜ ಕೊಳ್ಳುವುದು, ಸಾಲು ಹಿಡಿದು ಬಿತ್ತುವುದು, ಸಾಲು ಮುಗಿಯುವುದರೊಳಗೆ ತೀರಿಸುವುದು: ಮಳೆಯನ್ನು ನಂಬಿದ ಒಕ್ಕಲಿನ ಲೆಕ್ಕ ಇಷ್ಟೇ.

ಈ ಹಳೆಯ ಲೆಕ್ಕದ ಪಕ್ಕದಲ್ಲಿ ಈಗ ಹೊಸದೊಂದು ಸಾಲ ಬಂದು ಕುಳಿತಿದೆ. ಅದು ಸಣ್ಣ ಕಾರಿನ ಸಾಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಮಧ್ಯಮ ವರ್ಗದವರು ಕಾರಿನ ಕನಸು ಕಾಣಲು ಕಲಿತರು. 2009ರಲ್ಲಿ ನ್ಯಾನೋ ಬಂದಾಗ ಆ ಕನಸು ಒಂದು ಲಕ್ಷ ರೂಪಾಯಿಗೆ ಇಳಿಯಿತೆಂದು ಎಲ್ಲರೂ ಬೆರಗಾದರು. 2018ರ ಹೊತ್ತಿಗೆ ಅದರ ತಯಾರಿಕೆಯೇ ನಿಂತಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದ ಮೇಲೆ ನಮ್ಮ ಊರುಗಳ ಚಹದಂಗಡಿಗಳಲ್ಲಿಯೂ ಮತ್ತೆ ಅದೇ ಮಾತು.

ಇದನ್ನು ಬರಿಯ ಷೋಕಿಯೆಂದು ಜರೆಯುವುದು ನ್ಯಾಯವಲ್ಲ. ಸಂಜೆಯ ಕೊನೆಯ ಬಸ್ಸು ಹೋದ ಮೇಲೆ ಹಳ್ಳಿಯಲ್ಲಿ ಹೆರಿಗೆಯ ನೋವು ಬಂದರೆ ಹೊಸಪೇಟೆಯೂ ದಾವಣಗೆರೆಯೂ ಬಹಳ ದೂರ. ಆದ್ದರಿಂದ ಕಾರು ಬೇಕೇ ಬೇಡವೇ ಎಂಬುದನ್ನು ಅವರವರ ಮನೆಗೆ ಬಿಡೋಣ. ಬೇಕೆಂದು ನಿಶ್ಚಯಿಸಿದವನು ಹಣವನ್ನು ಹೇಗೆ ಹೊಂದಿಸಬೇಕು ಎಂಬುದೇ ಇಲ್ಲಿಯ ವಿಚಾರ.

ಮೊದಲನೆಯದಾಗಿ, ಷೋರೂಮಿನ ಬೆಲೆ ಬೇರೆ, ರಸ್ತೆಗಿಳಿದಾಗಿನ ಬೆಲೆ ಬೇರೆ. ಆಜೀವ ತೆರಿಗೆ, ನೋಂದಣಿ, ವಿಮೆ ಇವೆಲ್ಲ ಸೇರಿಕೊಳ್ಳುತ್ತವೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಮಾಡಿಸಬೇಕಾಗಿದೆ. ಕೈಯಲ್ಲಿರುವ ಹಣವೆಲ್ಲ ಇದಕ್ಕೇ ಸವೆದುಹೋದರೆ ಕಾರಿನ ಬೆಲೆಯ ಬಹುಪಾಲು ಸಾಲದ ಮೇಲೆಯೇ ಬೀಳುತ್ತದೆ.

ಈಗ ಅವಧಿಯ ಮಾತು. ಐದು ಲಕ್ಷ ರೂಪಾಯಿ ಸಾಲ, ನೂರಕ್ಕೆ 9ರ ಬಡ್ಡಿ ಎಂದಿಟ್ಟುಕೊಳ್ಳೋಣ. ಮೂರು ವರ್ಷಗಳಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 15,900 ರೂ.; ಒಟ್ಟು ಬಡ್ಡಿ 72,400. ಐದು ವರ್ಷವಾದರೆ ಕಂತು 10,380, ಬಡ್ಡಿ 1,22,750. ಏಳು ವರ್ಷವಾದರೆ ಕಂತು 8,045, ಬಡ್ಡಿ 1,75,700. ಮಾರುವವನು ಕಂತನ್ನು ಹೇಳುತ್ತಾನೆ. ಒಟ್ಟನ್ನು ಕೇಳಬೇಕಾದವನು ಕೊಳ್ಳುವವನು. ಏಳು ವರ್ಷದ ಸಾಲದಲ್ಲಿ ಐದು ವರ್ಷ ಕಳೆದ ಮೇಲೂ 1,76,000 ರೂಪಾಯಿ ಬಾಕಿ ಇರುತ್ತದೆ. ಅಷ್ಟರಲ್ಲಿ ವಿಮೆಯ ಲೆಕ್ಕದಲ್ಲಿ ಕಾರಿನ ಬೆಲೆ ಅರ್ಧಕ್ಕೆ ಇಳಿದಿರುತ್ತದೆ.

ಬಡ್ಡಿ ಎಂಬ ಶಬ್ದ ಸಂಸ್ಕೃತದ 'ವೃದ್ಧಿ'ಯ ತದ್ಭವ. ವೃದ್ಧಿ ಯಾವುದರ ಮೇಲೆ ಎಂಬುದೇ ಇಲ್ಲಿ ಮುಖ್ಯ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವುದು ಒಂದು ಕ್ರಮ. ಮೇಲೆ ಕೊಟ್ಟ ಲೆಕ್ಕವೆಲ್ಲ ಅದರದು. ತೀರಿಸಿದ ಭಾಗವನ್ನು ಕಳೆಯದೆ ಮೊದಲಿನ ಮೊತ್ತದ ಮೇಲೆಯೇ ಕೊನೆಯವರೆಗೆ ಬಡ್ಡಿ ಎಣಿಸುವುದು ಇನ್ನೊಂದು ಕ್ರಮ. ವ್ಯವಹಾರದಲ್ಲಿ ಇದನ್ನು 'ಫ್ಲಾಟ್' ಬಡ್ಡಿ ಎನ್ನುತ್ತಾರೆ. ಅದೇ ಐದು ಲಕ್ಷ, ಅದೇ ಒಂಬತ್ತು, ಅದೇ ಐದು ವರ್ಷ. ಫ್ಲಾಟ್ ಆದರೆ ಬಡ್ಡಿ 2,25,000 ರೂಪಾಯಿ! ಒಂಬತ್ತೆಂದು ಹೇಳಿದ್ದು ನಿಜದಲ್ಲಿ ನೂರಕ್ಕೆ ಹದಿನಾರರ ಸಮೀಪ ಹೋಗುತ್ತದೆ. ಅಂಕಿ ಒಂದೇ, ಅರ್ಥ ಎರಡು; ಕಾವ್ಯದಲ್ಲಿ ಶ್ಲೇಷೆ ಅಲಂಕಾರ, ಸಾಲಪತ್ರದಲ್ಲಿ ಅದೇ ಅಪಾಯ. ಅದೃಷ್ಟವಶಾತ್, 2024ರ ಅಕ್ಟೋಬರಿನಿಂದ ಹೊಸ ಚಿಲ್ಲರೆ ಸಾಲಗಳಿಗೆ ಶುಲ್ಕಗಳನ್ನೂ ಸೇರಿಸಿ ನಿಜವಾದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಗ್ರಾಹಕನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಸಹಿ ಹಾಕುವ ಮುನ್ನ ಅದನ್ನು ಕೇಳಿ ಪಡೆದು ಓದಬೇಕು.

ಸಾಲ ದೊರೆಯುವ ಬಾಗಿಲುಗಳು ಹಲವು. ರಾಷ್ಟ್ರೀಕೃತ ಬ್ಯಾಂಕು ಒಂದು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಆಗಿ ಹುಟ್ಟಿ, ಹಲವು ವಿಲೀನಗಳನ್ನು ದಾಟಿ, 2025ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎನಿಸಿರುವ ಸಂಸ್ಥೆ ಇನ್ನೊಂದು. ಷೋರೂಮಿನ ಮೇಜಿನ ಮೇಲೆಯೇ ಕಾಗದ ಹರಡಿ ಅರ್ಧ ಗಂಟೆಯಲ್ಲಿ ಮಂಜೂರಾತಿ ಕೊಡಿಸುವ ಹಣಕಾಸು ಕಂಪನಿಗಳುಂಟು. ಅಲ್ಲಿ ಉಳಿಯುವುದು ಕಾಲ, ಕೆಲವೊಮ್ಮೆ ಹೆಚ್ಚುವುದು ದರ. ನೌಕರರಿಗೆ ತಮ್ಮದೇ ಪತ್ತಿನ ಸಹಕಾರ ಸಂಘಗಳುಂಟು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ನೆಲ ಹಡಗಲಿಯಿಂದ ಹೊಳೆ ದಾಟಿದರೆ ಸಿಗುವ ಗದಗ ಸೀಮೆಯೇ ಅಲ್ಲವೆ? ಠೇವಣಿ ಇದ್ದವನು ಅದನ್ನು ಮುರಿಯದೆ ಅದರ ಆಧಾರದ ಮೇಲೆಯೇ ಸಾಲ ಪಡೆಯಬಹುದು. ಬಡ್ಡಿ ಠೇವಣಿಯ ದರಕ್ಕಿಂತ ಸಾಮಾನ್ಯವಾಗಿ ಒಂದೆರಡು ಅಂಶ ಮಾತ್ರ ಹೆಚ್ಚು. ಚಿನ್ನದ ಸಾಲವೂ ಸುಲಭವೇ. ಆದರೆ ಕಂತು ತಪ್ಪಿದರೆ ಕಾರಿನ ಸಾಲದಲ್ಲಿ ಮೊದಲು ಹೋಗುವುದು ಕಾರು, ಚಿನ್ನದ ಸಾಲದಲ್ಲಿ ಹೋಗುವುದು ಮನೆಯಾಕೆಯ ಕೊರಳಿನ ಸರ. ಆಕೆಯನ್ನು ಕೇಳದೆ ಆ ಬಾಗಿಲನ್ನು ತಟ್ಟುವುದು ಸಲ್ಲದು.

ಇಷ್ಟನ್ನೂ ತೂಗಿದ ಮೇಲೆ ನಮ್ಮ ಸೀಮೆಗೆ ವಿಶೇಷವಾದ ಪ್ರಶ್ನೆಯೊಂದು ಉಳಿಯುತ್ತದೆ. ಬ್ಯಾಂಕಿನ ಕಾಲಮಾನ ತಿಂಗಳು. ಹೊಲದ ಕಾಲಮಾನ ಸಾಲು. ಸಂಬಳದವನಿಗೆ ತಿಂಗಳ ಕಂತು ತಿಂಗಳ ಆದಾಯದೊಡನೆ ಹೆಜ್ಜೆ ಹಾಕುತ್ತದೆ. ಮೆಕ್ಕೆಜೋಳವನ್ನೋ ಶೇಂಗಾವನ್ನೋ ಬೆಳೆಯುವವನಿಗೆ, ಅವನ ಖರೀದಿಯನ್ನೇ ನಂಬಿದ ಅಂಗಡಿಕಾರನಿಗೆ, ಹಣ ಕಾಣುವುದು ಸುಗ್ಗಿಯಲ್ಲಿ. ಮುಂಗಾರಿನ ತಿಂಗಳುಗಳಲ್ಲಿ ಖರ್ಚೇ ಹೊರತು ಆದಾಯವಿಲ್ಲ. ಆಗ ಕಂತು ಕಟ್ಟಲು ಕೈಸಾಲ ಮಾಡುತ್ತಾನೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ 24. ಒಂಬತ್ತರ ಸಾಲವನ್ನು ಇಪ್ಪತ್ತನಾಲ್ಕರ ಸಾಲ ಸಾಕುತ್ತದೆ! 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಅಂಥ ಸಾಲೊಂದು ಐದು ವರ್ಷದ ಸಾಲದ ಅವಧಿಯಲ್ಲಿ ಬಾರದೆಂದು ಯಾರು ಹೇಳಬಲ್ಲರು?

ಇದಕ್ಕೆ ಪರಿಹಾರ ಇಲ್ಲದಿಲ್ಲ. ಕೃಷಿಕನಿಗೆ ಅರ್ಧವಾರ್ಷಿಕ ಇಲ್ಲವೆ ವಾರ್ಷಿಕ ಕಂತಿನ ಅವಕಾಶವುಂಟೇ ಎಂದು ಬ್ಯಾಂಕಿನಲ್ಲಿ ಸ್ಪಷ್ಟವಾಗಿ ಕೇಳಬೇಕು. ಆರು ಕಂತುಗಳ ಹಣವನ್ನು ಬೇರೆಯಾಗಿಯೇ ಇಟ್ಟು ಆಮೇಲೆ ಕಾರನ್ನು ಮನೆಗೆ ತರಬೇಕು. ಸುಗ್ಗಿಯ ಹಣವನ್ನು ಅವಧಿಗೆ ಮೊದಲೇ ಕಟ್ಟಿದರೆ ದಂಡವುಂಟೇ ಎಂದು ತಿಳಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸಾಧ್ಯವಾದರೆ ಒಂದು ಸುಗ್ಗಿ ಕಾಯಬೇಕು. ಹಾಗೆ ಕಾದು ಮುಂಗಡಕ್ಕೆ ಒಂದು ಲಕ್ಷ ಹೆಚ್ಚು ಕೂಡಿಸಿದರೆ ಸಾಲ ನಾಲ್ಕೇ ಲಕ್ಷ. ಐದು ವರ್ಷಕ್ಕೆ ಕಂತು 8,300 ರೂ., ಒಟ್ಟು ಬಡ್ಡಿ 98,200. ಏಳು ವರ್ಷದ ಸಾಲದ ಕಂತಿಗೆ ಇದು ಹೆಚ್ಚುಕಡಿಮೆ ಸಮ. ಆದರೆ ಎರಡು ವರ್ಷ ಮುಂಚೆ ಬಿಡುಗಡೆ, ಬಡ್ಡಿಯಲ್ಲಿ 77,500 ಉಳಿತಾಯ. ಕಾಯುವುದಕ್ಕೆ ಇಷ್ಟು ದೊಡ್ಡ ಕೂಲಿ ಕೊಡುವ ಕೆಲಸ ನಮ್ಮ ಕಡೆ ಮತ್ತೊಂದಿಲ್ಲ.

ಕೊನೆಯ ಕಂತು ಕಟ್ಟಿದ ದಿನ ಋಣ ಹರಿಯಿತೆಂದು ಸುಮ್ಮನಾಗಬಾರದು. ಕಾರಿನ ನೋಂದಣಿ ಪತ್ರದಲ್ಲಿ ಸಾಲ ಕೊಟ್ಟವರ ಹೆಸರು ಹಾಗೆಯೇ ನಿಂತಿರುತ್ತದೆ. ಬಾಕಿಯಿಲ್ಲವೆಂಬ ಪತ್ರವನ್ನೂ 35ನೆಯ ನಮೂನೆಯನ್ನೂ ಪಡೆದು ಸಾರಿಗೆ ಕಚೇರಿಯಲ್ಲಿ ಅದನ್ನು ತೆಗೆಸಬೇಕು. ಕಾರು ಪೂರ್ಣವಾಗಿ ನಮ್ಮದಾಗುವುದು ಆ ದಿನ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಈ ಸೀಮೆಯಲ್ಲಿ ಹಾಸಿಗೆ ವರ್ಷಕ್ಕೊಮ್ಮೆ ಹಿಗ್ಗುತ್ತದೆ, ವರ್ಷಕ್ಕೊಮ್ಮೆ ಕುಗ್ಗುತ್ತದೆ. ಕುಗ್ಗಿದ ದಿನದ ಅಳತೆಗೆ ಕಾಲು ಚಾಚಿದವನು ಹಿಗ್ಗಿದ ದಿನದಲ್ಲಿಯೂ ಸುಖವಾಗಿ ಮಲಗಿಯಾನು.