ಒಂದು ಕೋಲು, ಹಲವು ಕೈ

ಹಿಂದಿನಿಂದ ಓಡಿಬರುವವನು ಟ್ರ್ಯಾಕಿನ ಮೇಲೆ ಅಂಟಿಸಿದ ಟೇಪು ದಾಟಿದ್ದೇ ತಡ, ಮುಂದಿನವನು ಓಟ ಶುರುಮಾಡುತ್ತಾನೆ. ತಿರುಗಿ ನೋಡುವುದಿಲ್ಲ. ಬೆನ್ನ ಹಿಂದೆ ಕೂಗು ಕೇಳಿದೊಡನೆ ಅಂಗೈಯನ್ನು ಹಿಂದಕ್ಕೆ ಚಾಚುತ್ತಾನೆ. ಆ ಅಂಗೈ ಸೇರಬೇಕಾದದ್ದು ಬ್ಯಾಟನ್: 28ರಿಂದ 30 ಸೆಂಟಿಮೀಟರ್ ಉದ್ದದ, ಕನಿಷ್ಠ 50 ಗ್ರಾಂ ತೂಗುವ ಪೊಳ್ಳು ಕೊಳವೆ. 4×100 ಮೀಟರ್ ರಿಲೇಯಲ್ಲಿ ಅದು 30 ಮೀಟರ್ ವಲಯದೊಳಗೇ ಕೈ ಬದಲಾಯಿಸಬೇಕು. ಓಟಗಾರರ ಕಾಲು ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಬ್ಯಾಟನ್ ಎಲ್ಲಿದೆ ಎಂಬುದೇ ಲೆಕ್ಕ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಹೀಟ್ಸ್‌ನಲ್ಲಿ ಅಮೆರಿಕದ ಪುರುಷರೂ ಮಹಿಳೆಯರೂ ಒಂದೇ ಸಂಜೆ ಬ್ಯಾಟನ್ ಬೀಳಿಸಿ ಫೈನಲ್ ಕಳೆದುಕೊಂಡರು.

ಫ್ರೆಂಚ್ ಭಾಷೆಯಿಂದ ಬಂದ ಈ ಪದಕ್ಕೆ ಕೋಲು ಎಂದಷ್ಟೇ ಅರ್ಥ. ಉಳಿದದ್ದೆಲ್ಲ ಹಿಡಿದ ಕೈಯಿಂದ ಬಂದದ್ದು.

ವಾದ್ಯವೃಂದದ ನಿರ್ದೇಶಕ ಗಾಳಿಯಲ್ಲಿ ಆಡಿಸುವ ತೆಳ್ಳನೆಯ ಕಡ್ಡಿಯೂ ಬ್ಯಾಟನ್ನೇ. ಹಿಂದೆ ಫ್ರಾನ್ಸಿನಲ್ಲಿ ಭಾರವಾದ ದೊಣ್ಣೆಯನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದರು. 14ನೇ ಲೂಯಿಯ ಆಸ್ಥಾನ ಸಂಗೀತಗಾರ ಜಾನ್ ಬಾಪ್ಟಿಸ್ಟ್ ಲುಲ್ಲಿ, ದೊರೆ ಕಾಯಿಲೆಯಿಂದ ಚೇತರಿಸಿಕೊಂಡ ಸಂಭ್ರಮದ ಕಛೇರಿಯಲ್ಲಿ ಹಾಗೆ ಕುಟ್ಟುವಾಗ ತನ್ನ ಕಾಲಿಗೇ ಹೊಡೆದುಕೊಂಡ. ಗಾಯ ಕೊಳೆತು 1687ರ ಮಾರ್ಚ್‌ನಲ್ಲಿ ತೀರಿಕೊಂಡ. ಹಗುರ ಕಡ್ಡಿ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ.

ಸೈನ್ಯದಲ್ಲಿ ಅದು ಪದವಿಯ ಗುರುತು. ಕೊಡಗಿನ ಕೆ.ಎಂ. ಕಾರ್ಯಪ್ಪನವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯೊಂದಿಗೆ ಸಂದದ್ದು ಇಂಥದೇ ಬ್ಯಾಟನ್. ಪೊಲೀಸರ ಕೈಯಲ್ಲಿ ಮಾತ್ರ ಕನ್ನಡಿಗರು ಅದನ್ನು ಬ್ಯಾಟನ್ ಎನ್ನುವುದಿಲ್ಲ, ಅದು ಲಾಠಿ. ಪತ್ರಿಕೆಗಳಲ್ಲಿ ಅದರ ಏಟಿಗೆ ‘ಲಘು ಲಾಠಿ ಪ್ರಹಾರ’ ಎಂಬ ಮೆದು ಹೆಸರೂ ಇದೆ.

ಕೋಲಿನಿಂದ ಅಧಿಕಾರಕ್ಕೆ, ಅಧಿಕಾರದಿಂದ ಏಟಿಗೆ ಅರ್ಥ ಜಾರುವುದು ನಮಗೇನೂ ಹೊಸದಲ್ಲ. ‘ದಂಡ’ವೆಂದರೆ ಕೋಲು. ಶಿಕ್ಷೆಯೂ ದಂಡ, ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ಕಟ್ಟುವ ಹಣವೂ ದಂಡ. ಸೇನೆ ನಡೆಸಿದವನು ದಂಡನಾಯಕ.

2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಬ್ಯಾಟನ್‌ಗಳು ಸುದ್ದಿಯಾದವು. ಒಂದು, ಭಾರತದ ಬೇರೆ ಬೇರೆ ಕಡೆಯ ಬಣ್ಣಬಣ್ಣದ ಮಣ್ಣಿನಿಂದ ಅಲಂಕರಿಸಿದ್ದು. ಬ್ರಿಟನ್ ರಾಣಿಯ ಸಂದೇಶ ಹೊತ್ತು ದೇಶದೇಶ ಸುತ್ತಿ ಬಂದಿತ್ತು. ಇನ್ನೊಂದು, ಮಹಿಳೆಯರ 4×400 ಮೀಟರ್ ಫೈನಲ್‌ನ ಮೂರನೇ ಸುತ್ತಿನಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಕೈಯಲ್ಲಿದ್ದದ್ದು. ಈ ಓಟದಲ್ಲಿ ಬರುವವರು ಬಸವಳಿದಿರುತ್ತಾರೆ, ಹಾಗಾಗಿ ಪಡೆಯುವವರು ತಿರುಗಿ ನೋಡಿಯೇ ಕೈಯೊಡ್ಡುತ್ತಾರೆ. ಮಂದೀಪ್ ಕೌರ್ ಒಡ್ಡಿದ ಕೈಗೆ ಅಶ್ವಿನಿ ಬ್ಯಾಟನ್ ಇಟ್ಟಾಗ ಭಾರತ ಮುಂದಿತ್ತು.