ಮೂರಿರಬೇಕಾದಲ್ಲಿ ಎರಡು

20 ಸೆಂಟಿಮೀಟರ್ ಅಗಲದ ಒಂದು ದುಂಡು ತಟ್ಟೆ ತೆಗೆದುಕೊಳ್ಳಿ. ಅಂಚಿನಲ್ಲಿ ಸಮದೂರಕ್ಕೆ ಮೂರು ಗುರುತು ಹಾಕಿ. ಒಂದು ಗುರುತಿನಿಂದ ತಟ್ಟೆಯ ನಡುವಿಗೆ, ಅಲ್ಲಿಂದ ಪಕ್ಕದ ಗುರುತಿಗೆ ದಾರ ಹಿಡಿದರೆ ಸರಿಯಾಗಿ 20 ಸೆಂ.ಮೀ. ಅದೇ ದಾರವನ್ನು ಹೊರಕ್ಕೆ ಸರಿಸಿ ಆ ಎರಡು ಗುರುತುಗಳ ನಡುವಿನ ಅಂಚಿಗೆ ಒತ್ತಿ. ಅಲ್ಲಿಗೆ ಬೇಕಾದದ್ದು 21. ಹೆಚ್ಚುಕಡಿಮೆ ಸರಿಹೋಯಿತು.

ಹೃದಯದಿಂದ ಮಹಾಪಧಮನಿಗೆ ರಕ್ತ ಹೊರಡುವ ಬಾಗಿಲಿನಲ್ಲಿ, ಅಂದರೆ ವಾಲ್ವ್‌ನಲ್ಲಿ, ಮೂರು ಎಸಳಿರುವುದರ ಜಾಣ್ಮೆ ಇದೇ. ಎಸಳಿನ ಅಂಚೇ ಆ ದಾರ. ಎಸಳುಗಳು ಮುಚ್ಚಿದಾಗ ನಡುವೆ ಕೂಡುತ್ತವೆ, ತೆರೆದಾಗ ಗೋಡೆಯತ್ತ ಸರಿದು ದಾರಿಯೆಲ್ಲ ಬಿಟ್ಟುಕೊಡುತ್ತವೆ. ಮೂರೇ ಏಕೆ, ನಾಲ್ಕೇಕಲ್ಲ ಎಂಬುದನ್ನು ಐನೂರು ವರ್ಷಗಳ ಹಿಂದೆಯೇ ಲಿಯನಾರ್ಡೊ ಡ ವಿಂಚಿ ರೇಖಾಗಣಿತದಲ್ಲಿ ಹುಡುಕಿದ್ದ.

ಈಗ ಎದುರುಬದುರಾಗಿ ಎರಡೇ ಗುರುತು ಹಾಕಿ. ದಾರ ಅದೇ 20. ಅರ್ಧ ಸುತ್ತಿನ ಅಂಚು 31 ದಾಟುತ್ತದೆ. ದಾರ ಸಾಲದು. ಉದ್ದ ಬಿಟ್ಟರೆ ಮುಚ್ಚುವಾಗ ಸುಕ್ಕುಗಟ್ಟುತ್ತದೆ, ಜೋಲುತ್ತದೆ. ನೂರರಲ್ಲಿ ಒಬ್ಬರಿಬ್ಬರು ಹುಟ್ಟುವುದೇ ಇಂಥ ಎರಡೆಸಳಿನ ವಾಲ್ವ್ ಹೊತ್ತು. ಅವರಲ್ಲಿ ಗಂಡಸರೇ ಹೆಚ್ಚು. ಮಗು ಓಡುತ್ತದೆ, ಆಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ಆ ಎಸಳು ದಿನಕ್ಕೆ ಲಕ್ಷ ಸಲ ಅರೆಬರೆ ತೆರೆದು, ಸೊಟ್ಟಗೆ ಚಿಮ್ಮುವ ರಕ್ತದ ಹೊಡೆತ ತಿನ್ನುತ್ತದೆ. ಕ್ರಮೇಣ ಒಳಗಿನ ಜೀವಕೋಶಗಳು ಮೂಳೆ ಕಟ್ಟುವ ಕೋಶಗಳ ಚಾಳಿ ಹಿಡಿದು ಸುಣ್ಣ ಕೂಡಿಸತೊಡಗುತ್ತವೆ. ಮೂರೆಸಳಿನವರಿಗೆ ಎಪ್ಪತ್ತರ ನಂತರ ಬರುವ ಬಿಗಿತ ಇವರಿಗೆ ಐವತ್ತು ಅರವತ್ತಕ್ಕೇ ಬಂದೀತು. 3–4 ಚದರ ಸೆಂ.ಮೀ. ಇರಬೇಕಾದ ಬಾಯಿ 1ಕ್ಕಿಂತ ಕಿರಿದಾದರೆ ತೀವ್ರ ಎನ್ನುತ್ತಾರೆ. ಜನ ಇದನ್ನೂ ‘ಬ್ಲಾಕ್’ ಅನ್ನುವುದುಂಟು. ಅದು ರಕ್ತನಾಳದ್ದು, ಇದು ಬಾಗಿಲಿನದು.

ಇದನ್ನು ಕಂಡುಹಿಡಿಯುವ ಎಕೋ ಪರೀಕ್ಷೆ ಯಂತ್ರದ ಕೆಲಸ ಎಂದುಕೊಂಡಿದ್ದೆ. ಅಲ್ಲ, ಕೈಯ ಕೆಲಸ. ರೋಗಿ ಎಡಮಗ್ಗುಲಾಗಿ ಮಲಗಿರುತ್ತಾರೆ. ಎದೆಮೂಳೆಯ ಎಡಕ್ಕೆ ಜೆಲ್ ಹಚ್ಚಿ ಪ್ರೋಬ್ ಇಟ್ಟು ಮಣಿಕಟ್ಟು ತಿರುಗಿಸಿದರೆ ವಾಲ್ವ್ ಎದುರಿಗೆ ಬರುತ್ತದೆ. ಮುಚ್ಚಿದ ಮೂರೆಸಳು ಬೆಂಜ್ ಕಾರಿನ ಗುರುತಿನಂತೆ ಕಾಣುತ್ತದೆ. ಮೋಸ ಇರುವುದೂ ಅಲ್ಲೇ. ಗರ್ಭದಲ್ಲಿ ಎರಡು ಎಸಳು ಬಿಡಿಯಾಗದೆ ಉಳಿದಲ್ಲಿ ಒಂದು ದಿಂಡು ಇರುತ್ತದೆ; ಮುಚ್ಚಿದಾಗ ಅದು ಮೂರನೆಯ ಗೆರೆಯಂತೆಯೇ ತೋರುತ್ತದೆ. ಪಳಗಿದವರು ಮುಚ್ಚಿದ ಬಾಗಿಲನ್ನು ನಂಬುವುದಿಲ್ಲ. ಚಿತ್ರ ನಿಲ್ಲಿಸಿ, ಒಂದೊಂದೇ ಚೌಕಟ್ಟು ಸರಿಸುತ್ತ, ತೆರೆದ ಕ್ಷಣಕ್ಕೆ ಬರುತ್ತಾರೆ. ಆ ದಿಂಡು ಬಿಚ್ಚಿಕೊಳ್ಳಲಿಲ್ಲ, ಬಾಯಿ ಮೀನಿನ ಬಾಯಿಯಂತಿದೆ ಎಂದರೆ ಎಸಳು ಎರಡೇ. ಸುಣ್ಣ ವಿಪರೀತವಾಗಿ ಎಲ್ಲ ಬೆಳ್ಳಗೆ ಹೊಳೆಯುತ್ತಿದ್ದರೆ ಅವರೂ ಎಸಳೆಷ್ಟೆಂದು ಹೇಳದೆ ಸುಮ್ಮನಾಗುತ್ತಾರೆ. ಆ ಮೌನ ನನಗೆ ಹಿಡಿಸಿತು.

ಮುಂದಿನದು ವೇಗ. ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ ಸಾಗಬೇಕಾದ ರಕ್ತ, ಕಿರಿದಾದ ಬಾಯಿಯಲ್ಲಿ ನಾಲ್ಕು ಮೀಟರ್ ದಾಟುತ್ತದೆ. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ಅಂತರ: ನಾಲ್ಕು ಮೀಟರಿಗೆ 64 ಮಿಲಿಮೀಟರ್ ಪಾದರಸ. ಲೆಕ್ಕ ಸುಲಭ, ವೇಗ ಹಿಡಿಯುವುದು ಕಷ್ಟ. ಚಿಮ್ಮುವ ಧಾರೆಗೆ ನೇರ ಎದುರಾಗಿ ಪ್ರೋಬ್ ನಿಲ್ಲದಿದ್ದರೆ ಅಂಕಿ ತಗ್ಗುತ್ತದೆ; ಎರಡೆಸಳಿನ ಧಾರೆಯೋ ಸೊಟ್ಟ. ಹಾಗಾಗಿ ರೋಗಿಯನ್ನು ಬಲಮಗ್ಗುಲಿಗೆ ಹೊರಳಿಸಿ, ಚಿತ್ರವೇ ತೋರದ ಪೆನ್ಸಿಲ್‌ನಂಥ ಪುಟ್ಟ ಪ್ರೋಬ್ ಹಿಡಿದು, ಎದೆಮೂಳೆಯ ಬಲಕ್ಕೆ, ಕತ್ತಿನ ಗುಳಿಯಲ್ಲಿ ತಮ್ಮ ಕಿವಿಯನ್ನೇ ನಂಬಿ ಹುಡುಕುತ್ತಾರೆ. ಧಾರೆ ನೇರ ಸಿಕ್ಕಾಗ ಯಂತ್ರದ ಒರಟು ಸದ್ದು ಒಮ್ಮೆಲೇ ಸಣ್ಣ ಸಿಳ್ಳೆಯಾಗುತ್ತದೆ. “ಉಸಿರು ಬಿಡಿ, ಹಾಗೇ ಹಿಡ್ಕೊಳ್ಳಿ” ಎನ್ನುವಾಗ ಕೈ ಕಲ್ಲಾಗಿರುತ್ತದೆ.

ಇಂಥವರಲ್ಲಿ ಮಹಾಪಧಮನಿಯೂ ಹಿಗ್ಗುವುದುಂಟಾದ್ದರಿಂದ ಅದನ್ನೂ ಅಳೆಯುತ್ತಾರೆ. ಆಮೇಲೆ ಜೆಲ್ ಒರೆಸಿಕೊಳ್ಳಲು ಟಿಶ್ಯೂ ಕೊಡುತ್ತ ಕೇಳುತ್ತಾರೆ: “ಅಣ್ಣತಮ್ಮ, ಅಕ್ಕತಂಗಿ ಇದ್ದಾರಾ? ಮಕ್ಕಳು? ಅವರಿಗೂ ಒಂದ್ಸಲ ಎಕೋ ಮಾಡಿಸ್ಬಿಡಿ.”